ಇದನ್ನು ತೆಗೆಯಿರಿ, ಅದನ್ನು ಬಿಡಿ: ನನ್ನ ಎಂಡೊಮೆಟ್ರಿಯೋಸಿಸ್ ಆಪರೇಷನ್

ಆಪರೇಷನ್ ಹಿಂದಿನ ದಿನ ನಾನು ಸಹಿ ಹಾಕಿದ ಫಾರಂನಲ್ಲಿ ಅಚ್ಚಾದ ಸಾಲುಗಳಿಗಿಂತ ಡಾಕ್ಟರ್ ಪೆನ್ನಿನಲ್ಲಿ ಬರೆದ ಸಾಲುಗಳೇ ಜಾಸ್ತಿ ಇದ್ದವು. ಬಲಗಡೆ ಅಂಡಾಶಯ ಉಳಿಸಬೇಕು. ಎಡಗಡೆಯದನ್ನೂ ಉಳಿಸಲು ನೋಡುವುದು, ರಕ್ತ ನಿಲ್ಲದಿದ್ದರೆ ತೆಗೆಯಬಹುದು. ಗರ್ಭಕೋಶ ತೆಗೆಯುವಂತಿಲ್ಲ. ಕರುಳಿಗೆ ಅಂಟಿದ ಗಂಟನ್ನು ಕೆರೆದು ತೆಗೆಯುವುದು, ಆಗದಿದ್ದರೆ ಅಷ್ಟು ಭಾಗ ಕತ್ತರಿಸಿ ಜೋಡಿಸುವುದು. ಹೊಟ್ಟೆಯ ಮೇಲೆ ತಾತ್ಕಾಲಿಕವಾಗಿ ಸ್ಟೋಮಾ, ಅಂದರೆ ಮಲ ಹೊರಹೋಗುವ ದಾರಿ, ಮಾಡಬೇಕಾಗಬಹುದು. ಆಮೇಲೆ ಕೆಲವು ಕಾಲ ಮೂತ್ರ ಹೋಗಲು ತೊಂದರೆ ಆಗಬಹುದು.

ಅಮ್ಮ ಅದನ್ನು ಓದಿ ಹೆದರಿಬಿಟ್ಟರು. "ಇಷ್ಟೆಲ್ಲ ಬರೆಸ್ಕೊಂಡ್ರೆ ಅವರು ಎಲ್ಲಾನೂ ಮಾಡೇ ಬಿಡ್ತಾರೆ ಕಣೇ" ಅಂದರು. ನನಗೆ ಮಾತ್ರ ಆ ಕಾಗದ ನೋಡಿ ಧೈರ್ಯ ಬಂತು. ಯಾಕಂದರೆ ಜೋರಾಗಿ ಹರಡಿದ ಎಂಡೊಮೆಟ್ರಿಯೋಸಿಸ್‌ಗೆ ಮಾಡುವುದು ಅಪೆಂಡಿಕ್ಸ್ ತೆಗೆದ ಹಾಗೆ ಒಂದೇ ಕೆಲಸ ಅಲ್ಲ. ಒಳಗೆ ಕ್ಯಾಮೆರಾ ಹೋದ ಮೇಲೆ ಡಾಕ್ಟರ್ ಒಂದಾದ ಮೇಲೆ ಒಂದು ತೀರ್ಮಾನ ತೆಗೆದುಕೊಳ್ಳುತ್ತಾ ಹೋಗಬೇಕು. ಆಗ ನಮಗೆ ಎಚ್ಚರ ಇರುವುದಿಲ್ಲ. ನಮ್ಮ ಮಾತು ಏನಿದ್ದರೂ ಮೊದಲೇ ಆಗಿರಬೇಕು, ಅಲ್ವಾ? ಈ ಪೋಸ್ಟ್ ಆ ಮಾತುಗಳ ಬಗ್ಗೆ.

ಕಾಯಿಲೆ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ಗರ್ಭಕೋಶದ ಒಳಪದರದಂಥದ್ದೇ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯುತ್ತದೆ. ಅಂಡಾಶಯದಲ್ಲಿ, ಗರ್ಭಕೋಶದ ಹಿಂದೆ, ಕರುಳಿನ ಮೇಲೆ, ಮೂತ್ರಕೋಶದ ಮೇಲೆ. ಸುತ್ತಮುತ್ತ ಉರಿಯೂತ ಆಗಿ, ಗಾಯದ ಕಲೆಯಂತೆ ಗಟ್ಟಿಯಾಗಿ, ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮಕ್ಕಳಾಗುವ ವಯಸ್ಸಿನ ಹೆಂಗಸರಲ್ಲಿ 10ಕ್ಕೆ ಒಬ್ಬರಿಗೆ, ಅಂದರೆ ಜಗತ್ತಿನಲ್ಲಿ ಸುಮಾರು 19 ಕೋಟಿ ಜನಕ್ಕೆ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಎಷ್ಟೋ ಜನರಿಗೆ ನೋವಿನ ಮಾತ್ರೆ, ಹಾರ್ಮೋನ್ ಮಾತ್ರೆಯಲ್ಲೇ ಹಿಡಿತಕ್ಕೆ ಬರುತ್ತದೆ. ನಾನು ಆ ಗುಂಪಿನವಳಲ್ಲ.

ನನ್ನ ರಿಪೋರ್ಟಿನಲ್ಲಿ ಸ್ಟೇಜ್ 4 ಎಂದಿತ್ತು. ಅಕ್ಕ ಅದನ್ನು ಓದಿ ಫೋನಿನಲ್ಲಿ ಅಳಲು ಶುರುಮಾಡಿದಳು. ಇದು ಕ್ಯಾನ್ಸರಿನ ಸ್ಟೇಜ್ ಅಲ್ಲ. ಸಿಸ್ಟ್, ಅಂದರೆ ಅಂಡಾಶಯದಲ್ಲಿನ ದ್ರವ ತುಂಬಿದ ಚೀಲ, ಎಷ್ಟು ದೊಡ್ಡದು, ಕಾಯಿಲೆ ಎಷ್ಟು ಆಳ, ಎಷ್ಟು ಅಂಟಿದೆ ಎಂದು ನೋಡಿ ಅಂಕ ಕೊಡುತ್ತಾರೆ. 40 ದಾಟಿದರೆ ಸ್ಟೇಜ್ 4. ತಮಾಷೆ ಏನಂದರೆ ಈ ಲೆಕ್ಕದಲ್ಲಿ ನೋವಿಗೆ ಅಂಕವೇ ಇಲ್ಲ. ಸ್ಟೇಜ್ 1ರವರು ನೋವಿನಿಂದ ಹಾಸಿಗೆ ಹಿಡಿದಿರಬಹುದು. ಸ್ಟೇಜ್ 4ರವರಿಗೆ ಮಗು ಯಾಕೆ ಆಗುತ್ತಿಲ್ಲ ಎಂದು ನೋಡುವಾಗ ಮೊದಲ ಸಲ ಗೊತ್ತಾಗಬಹುದು.

ನನಗೆ ನೋವಿಗೆ ಬರ ಇರಲಿಲ್ಲ. ಮುಟ್ಟಿನ ಹೊಟ್ಟೆನೋವನ್ನಾದರೂ ಹೇಗೋ ತಡೆದುಕೊಳ್ಳುತ್ತಿದ್ದೆ. ತಡೆಯಲಾಗದೆ ಇದ್ದಿದ್ದು ಆ ದಿನಗಳಲ್ಲಿ ಮೋಷನ್‌ಗೆ ಹೋಗುವುದು. ಎರಡೂ ಅಂಗೈಯನ್ನು ಬಾತ್‌ರೂಮಿನ ಗೋಡೆಗೆ ಒತ್ತಿ, ಹಲ್ಲು ಕಚ್ಚಿ ಕೂತಿರುತ್ತಿದ್ದೆ. ನೋವು ಸೊಂಟದಿಂದ ಎಡ ತೊಡೆಯ ಹಿಂಭಾಗಕ್ಕೆ ಇಳಿಯುತ್ತಿತ್ತು. ಗಂಡನ ಜೊತೆ ಸೇರುವುದೆಂದರೆ ಎರಡು ದಿನ ಮೊದಲೇ ಹೆದರಿಕೆ ಶುರು. ಇದನ್ನೆಲ್ಲ ಯಾವ ಡಾಕ್ಟರಿಗೂ ಹೇಳಿರಲಿಲ್ಲ, ಯಾಕಂದರೆ ಯಾರೂ ಕೇಳಿರಲಿಲ್ಲ. "ಬ್ಲೀಡಿಂಗ್ ಎಷ್ಟು ದಿನ?" ಅಷ್ಟೇ ಕೇಳುತ್ತಿದ್ದರು. ಈ ಕಾಯಿಲೆ ಪತ್ತೆಯಾಗಲು 4ರಿಂದ 12 ವರ್ಷ ಹಿಡಿಯುತ್ತದೆ ಅಂತಾರೆ. ನನಗೇನೂ ಆಶ್ಚರ್ಯ ಇಲ್ಲ.

ಇದಕ್ಕೆ ಮೊದಲು ಬೇರೆ ಒಂದು ಕಡೆ ಲ್ಯಾಪರೋಸ್ಕೋಪಿ, ಅಂದರೆ ಚಿಕ್ಕ ತೂತಿನಿಂದ ಕ್ಯಾಮೆರಾ ಹಾಕಿ ಮಾಡುವ ಆಪರೇಷನ್, ಆಗಿತ್ತು. ಎಡ ಅಂಡಾಶಯದಲ್ಲಿ ಚಾಕೊಲೇಟ್ ಸಿಸ್ಟ್ ಇದೆ, ಚಿಕ್ಕ ಕೆಲಸ, ತೆಗೆದುಬಿಡೋಣ ಅಂದರು. ಹಳೇ ರಕ್ತ ಸೇರಿ ಸೇರಿ ಕಂದು ಬಣ್ಣದ ಗಟ್ಟಿ ದ್ರವ ಆಗಿರುತ್ತದಲ್ಲ, ಆ ಸಿಸ್ಟ್. ಕೆಲವು ತಿಂಗಳು ಹಗುರವಾಗಿತ್ತು. ಆಮೇಲೆ ಸ್ಕ್ಯಾನ್ ಮಾಡಿಸಿದರೆ ಅದೇ ಜಾಗ, ಅದೇ ಸಿಸ್ಟ್. ಡಿಸ್‌ಚಾರ್ಜ್ ಸಮರಿ ತೆಗೆದು ನಿಧಾನವಾಗಿ ಓದಿದೆ. ಸಿಸ್ಟ್ ತೆಗೆದದ್ದೆಂದು ಎಲ್ಲೂ ಇರಲಿಲ್ಲ, 'ಆಸ್ಪಿರೇಶನ್' ಎಂದಿತ್ತು. ಒಳಗಿನ ದ್ರವ ಹೀರಿ ಗೋಡೆಯನ್ನು ಹಾಗೇ ಬಿಟ್ಟಿದ್ದರು. ಬಾವಿಯ ನೀರು ಮೊಗೆದು ಖಾಲಿ ಮಾಡಿದರೆ ಸೆಲೆ ಬತ್ತುತ್ತದೆಯೇ? ಬರೀ ಹೀರಿ ಬಿಟ್ಟ ಸಿಸ್ಟ್ ಮತ್ತೆ ತುಂಬುವುದೇ ಹೆಚ್ಚು. ಗೋಡೆ ಸಮೇತ ಬಿಡಿಸಿ ತೆಗೆದರೆ ಮರುಕಳಿಸುವುದು ಕಡಿಮೆ.

ಅದೇ ಸಮರಿಯ ಕೆಳಗೆ ಇನ್ನೊಂದು ಸಾಲು ಇತ್ತು. ಗರ್ಭಕೋಶಕ್ಕೂ ಗುದನಾಳಕ್ಕೂ ನಡುವಿನ ಜಾಗ, ಪೌಚ್ ಆಫ್ ಡಗ್ಲಸ್ ಅಂತಾರೆ, ಅದು ಪೂರ್ತಿ ಮುಚ್ಚಿಹೋಗಿದೆ ಎಂದು. ಅಂದರೆ ನಿಜವಾದ ಕಾಯಿಲೆ ಅಲ್ಲಿತ್ತು. ಕ್ಯಾಮೆರಾದಲ್ಲಿ ನೋಡಿದ್ದಾರೆ, ಬರೆದಿದ್ದಾರೆ, ಹೊಲಿಗೆ ಹಾಕಿ ಕಳಿಸಿದ್ದಾರೆ. ಬಾಯಿ ಬಿಟ್ಟು ನನಗೆ ಹೇಳಿರಲಿಲ್ಲ. ಕೈ ಹಾಕದೆ ಬಿಟ್ಟಿದ್ದು ತಪ್ಪು ಅನ್ನುವುದಿಲ್ಲ. ಕರುಳಿನ ಹತ್ತಿರದ ಕೆಲಸ ಗೊತ್ತಿಲ್ಲದವರು ಸುಮ್ನೆ ಕೈ ಹಾಕುವುದು ಇನ್ನೂ ಅಪಾಯ. ಹೇಳದೆ ಬಿಟ್ಟಿದ್ದಕ್ಕೆ ಮಾತ್ರ ಇವತ್ತಿಗೂ ಕೋಪ ಇದೆ.

ಎರಡನೇ ಡಾಕ್ಟರ್ ಈ ಕಾಯಿಲೆಯ ಆಪರೇಷನ್ನನ್ನೇ ಜಾಸ್ತಿ ಮಾಡುವವರು. ಮೊದಲ ದಿನ ಅವರು ಕೇಳಿದ ಪ್ರಶ್ನೆ: "ಪೀರಿಯಡ್ಸ್ ಟೈಮಲ್ಲಿ ಮೋಷನ್‌ಗೆ ಹೋಗುವಾಗ ನೋವಾಗುತ್ತಾ?" ನನಗೆ ಅಳು ಬಂದುಬಿಟ್ಟಿತು. ಆಮೇಲೆ ಒಳಗಿನಿಂದ ಮಾಡುವ ಸ್ಕ್ಯಾನಿಂಗ್. ಪ್ರೋಬ್‌ನಿಂದ ಮೆಲ್ಲಗೆ ತಳ್ಳುತ್ತಾ ಪರದೆ ನನ್ನ ಕಡೆ ತಿರುಗಿಸಿದರು. "ಇಲ್ಲಿ ನೋಡಿ, ಕರುಳು ಗರ್ಭಕೋಶದ ಮೇಲೆ ಜಾರಬೇಕು. ನಿಮ್ಮದು ಎರಡೂ ಒಟ್ಟಿಗೇ ಅಲ್ಲಾಡುತ್ತಿದೆ." ನಿಜ, ಎರಡೂ ಒಂದೇ ಮುದ್ದೆಯಂತೆ ಅಲ್ಲಾಡುತ್ತಿದ್ದವು. ಎಂಆರ್‌ಐನಲ್ಲಿ ಪೂರ್ತಿ ಚಿತ್ರ ಸಿಕ್ಕಿತು. ಎರಡೂ ಅಂಡಾಶಯ ಗರ್ಭಕೋಶದ ಹಿಂದಕ್ಕೆ ಎಳೆದುಕೊಂಡು ಒಂದಕ್ಕೊಂದು ಅಂಟಿದ್ದವು. ಗುದನಾಳದ ಮುಂದಿನ ಗೋಡೆಯಲ್ಲಿ ಗಂಟು. ಎಡಗಡೆ ಯುರೇಟರ್, ಅಂದರೆ ಕಿಡ್ನಿಯಿಂದ ಮೂತ್ರಕೋಶಕ್ಕೆ ಇಳಿಯುವ ನಾಳ, ಅಂಟಿನ ನಡುವೆ ಸಿಕ್ಕಿಕೊಂಡಿತ್ತು. ಆ ಕಡೆಯ ಕಿಡ್ನಿ ಸ್ವಲ್ಪ ಊದಿತ್ತು.

ಕಿಡ್ನಿಯಲ್ಲಿ ನನಗೆ ಒಂಚೂರೂ ನೋವಿರಲಿಲ್ಲ. ಇದು ಹಾಗೇ ಅಂತೆ, ಸದ್ದಿಲ್ಲದೆ ಕಿಡ್ನಿ ಹಾಳಾಗುತ್ತಾ ಹೋಗಬಹುದು. ಅಲ್ಲಿಯವರೆಗೆ ಮಾತ್ರೆಯಲ್ಲೇ ಇನ್ನೊಂದು ವರ್ಷ ನೋಡೋಣ ಎನ್ನುತ್ತಿದ್ದವಳು ನಾನು. ನಾಳ ಕಟ್ಟಿಕೊಂಡಾಗ ಆ ಮಾತಿಗೆ ಅರ್ಥ ಇಲ್ಲ. ನಿಮಗೆ ಕರುಳಿನ ಹತ್ತಿರ ಗಂಟು ಇದೆ ಎಂದು ಯಾರಾದರೂ ಹೇಳಿದ್ದರೆ, ಕಿಡ್ನಿಯ ಸ್ಕ್ಯಾನ್ ಆಗಿದೆಯಾ ಎಂದು ಒಮ್ಮೆ ಕೇಳಿ. ಎರಡೇ ನಿಮಿಷದ ಕೆಲಸ.

ಮುಂದಿನ ಭೇಟಿಗಳಲ್ಲಿ ಸ್ತ್ರೀರೋಗದ ಡಾಕ್ಟರ್ ಜೊತೆ ಕರುಳಿನ ಸರ್ಜನ್, ಯುರಾಲಜಿಸ್ಟ್ ಕೂಡ ಕೂತರು. ನನ್ನ ಫಾರಂನ ಪೆನ್ನಿನ ಸಾಲುಗಳು ಹುಟ್ಟಿದ್ದು ಅಲ್ಲಿ.

ಕರುಳಿನ ಸರ್ಜನ್ ರಿಪೋರ್ಟಿನ ಹಿಂದೆ ಚಿತ್ರ ಬರೆದರು. ಮೂರು ದಾರಿ ಇವೆ. ಗಂಟನ್ನು ಕರುಳಿನ ಮೇಲಿನಿಂದ ಕೆರೆದು ತೆಗೆಯುವುದು ಒಂದು, ಇದಕ್ಕೆ ಶೇವಿಂಗ್ ಅಂತಾರೆ. ಗಂಟು ಆಳಕ್ಕೆ ಇಳಿದಿದ್ದರೆ ಕರುಳಿನ ಗೋಡೆಯಿಂದ ಆ ಬಿಲ್ಲೆಯಷ್ಟನ್ನೇ ತೆಗೆದು ಮುಚ್ಚುವುದು ಇನ್ನೊಂದು. ತುಂಬಾ ದೊಡ್ಡದಿದ್ದರೆ, ಅಥವಾ ಒಂದಕ್ಕಿಂತ ಹೆಚ್ಚು ಇದ್ದರೆ, ಕರುಳಿನ ಒಂದು ತುಂಡನ್ನೇ ಕತ್ತರಿಸಿ ಎರಡು ತುದಿ ಜೋಡಿಸುವುದು. ಈ ಪಟ್ಟಿಯಲ್ಲಿ ಕೆಳಗೆ ಹೋದಷ್ಟೂ ಕಾಯಿಲೆ ಪೂರ್ತಿ ಹೋಗುವ ಖಾತ್ರಿ ಜಾಸ್ತಿ ಅಂತ ನಾನು ಅಂದುಕೊಂಡಿದ್ದೆ. ಅವರು ತಲೆ ಅಲ್ಲಾಡಿಸಿದರು. ಗಂಟು ತೆಗೆಯುವುದರ ಜೊತೆ ಬೇರೆ ಲೆಕ್ಕವೂ ಇದೆ. ಜೋಡಿಸಿದ ಜಾಗ ಸೋರಬಹುದು. ಕರುಳಿಗೂ ಯೋನಿಗೂ ನಡುವೆ ದಾರಿ ಆಗಿಬಿಡಬಹುದು. ಗುದದ್ವಾರಕ್ಕೆ ತೀರಾ ಹತ್ತಿರ ಜೋಡಿಸಿದರೆ ಆಮೇಲೆ ಪದೇ ಪದೇ ಮೋಷನ್, ತಡೆಯಲಾಗದ ಅವಸರ. ಆ ಜಾಗದ ಅಕ್ಕಪಕ್ಕದಲ್ಲೇ ಮೂತ್ರಕೋಶಕ್ಕೆ ಹೋಗುವ ನರಗಳಿವೆ.

"ನಾನು ನಿಮ್ಮ ಎಂಆರ್‌ಐನಿಂದ ಕಾಯಿಲೆ ತೆಗೆಯಲು ಬಂದಿಲ್ಲ, ನಿಮ್ಮ ನೋವು ತೆಗೆಯಬೇಕು" ಅಂದರು. ಆ ಮಾತಿಗೆ ನಾನು ಅವರ ಮೇಲೆ ಭಾರ ಹಾಕಿದೆ.

ಅಂಡಾಶಯದ ಮಾತು ಇನ್ನೂ ಕಷ್ಟದ್ದು. ಸಿಸ್ಟಿನ ಗೋಡೆ ಸುಲಿದು ತೆಗೆಯುವಾಗ ಅದಕ್ಕೆ ಅಂಟಿದ ಒಳ್ಳೆಯ ಭಾಗವೂ ಸ್ವಲ್ಪ ಹೋಗುತ್ತದೆ, ಅದರ ಜೊತೆ ಅಂಡಾಣುಗಳೂ ಹೋಗುತ್ತವೆ. ಎರಡೂ ಕಡೆ ಸಿಸ್ಟ್ ಇದ್ದರೆ ನಷ್ಟವೂ ಜಾಸ್ತಿ. ನನ್ನ ಎಡಗಡೆ ಆಗಲೇ ಒಮ್ಮೆ ಕೈ ಆಡಿಸಿಯಾಗಿತ್ತು. ಎಎಂಎಚ್ ಎಂಬ ರಕ್ತ ಪರೀಕ್ಷೆ ಮಾಡಿಸಿದರು. ಎಷ್ಟು ಅಂಡಾಣು ದಾಸ್ತಾನು ಉಳಿದಿದೆ ಎಂದು ಅದರಿಂದ ಅಂದಾಜು ಸಿಗುತ್ತದೆ. ನನ್ನದು ವಯಸ್ಸಿಗೆ ಕಡಿಮೆ ಬಂತು. ಆಪರೇಷನ್‌ಗೆ ಮೊದಲು ಅಂಡಾಣು ತೆಗೆದು ಫ್ರೀಜ್ ಮಾಡಿಸುವ ಅವಕಾಶ ಇದೆ ಅಂದರು. ಕಿಡ್ನಿ ಅಷ್ಟು ದಿನ ಕಾಯುತ್ತದೆಯೇ ಎಂದು ಯುರಾಲಜಿಸ್ಟ್ ನೋಡಿ ಹೂಂ ಅಂದ ಮೇಲೆ ಮಾಡಿಸಿದೆವು. ಇಂಜೆಕ್ಷನ್‌ಗಳ ಆ ದಿನಗಳ ಬಗ್ಗೆ ಬರೆಯುವಂಥದ್ದು ಏನಿಲ್ಲ. ಹೊಟ್ಟೆ ಉಬ್ಬರ, ಸಿಡುಕು, ಅಷ್ಟೇ.

ನೆಂಟರದ್ದು ಒಂದೇ ಸಲಹೆ: "ಗರ್ಭಕೋಶ ತೆಗೆಸಿಬಿಡು, ಪೀಡೆ ತೊಲಗುತ್ತೆ." ಗರ್ಭಕೋಶ ತೆಗೆದರೂ ಕರುಳಿನ ಮೇಲಿನ ಗಂಟು ಅಲ್ಲೇ ಇದ್ದರೆ ನೋವು ಉಳಿಯಬಹುದು. ಕಾಯಿಲೆ ಇರುವುದೇ ಗರ್ಭಕೋಶದ ಹೊರಗೆ. ಅಂಡಾಶಯ ಎರಡೂ ತೆಗೆದರೆ ಮುಟ್ಟು ನಿಲ್ಲುವ ವಯಸ್ಸು ರಾತ್ರೋರಾತ್ರಿ ಬಂದುಬಿಡುತ್ತದೆ, ಮೂಳೆಗೆ, ಹೃದಯಕ್ಕೆ ಅದರ ಪೆಟ್ಟು ಬೇರೆ. ಮಕ್ಕಳು ಬೇಡ ಎನ್ನುವವರಿಗೆ, ಗರ್ಭಕೋಶದ ಗೋಡೆಯಲ್ಲೂ ಇದೇ ಥರದ ಕಾಯಿಲೆ ಇರುವವರಿಗೆ, ಬೇರೆ ಔಷಧಿ ಫಲಿಸದವರಿಗೆ ಅದು ಸರಿಯಾದ ದಾರಿ ಇರಬಹುದು. ಅದು ಅವರವರ ತೀರ್ಮಾನ. ಇನ್ನೊಂದು ಗುಂಪು "ಒಂದು ಮಗು ಆದ್ರೆ ಎಲ್ಲ ಸರಿಹೋಗುತ್ತೆ" ಅನ್ನುತ್ತಿತ್ತು. ಯುರೋಪಿನ ತಜ್ಞರ ಸಂಘ ಎಶ್ರೆಯ 2022ರ ಮಾರ್ಗಸೂಚಿಯಲ್ಲಿ, ಕಾಯಿಲೆ ವಾಸಿ ಮಾಡಲೆಂದೇ ಗರ್ಭಿಣಿಯಾಗಿ ಎಂದು ಯಾರಿಗೂ ಸಲಹೆ ಕೊಡಬೇಡಿ ಎಂದಿದೆ. ನಾನು ಅದನ್ನು ಫ್ಯಾಮಿಲಿ ಗ್ರೂಪಿಗೆ ಹಾಕಿದೆ. ಎರಡು ದಿನ ಯಾರೂ ಗುಡ್ ಮಾರ್ನಿಂಗ್ ಕಳಿಸಲಿಲ್ಲ.

ರೋಬೋಟ್ ಬೇಕಾ ಎಂದೂ ಕೇಳಿದ್ದೆ. ನಮ್ಮ ಡಾಕ್ಟರ್ ನಕ್ಕರು. ಲಾರೋಸ್ ಎಂಬ ಪ್ರಯೋಗದಲ್ಲಿ ಮಾಮೂಲಿ ಲ್ಯಾಪರೋಸ್ಕೋಪಿಯನ್ನೂ ರೋಬೋಟನ್ನೂ ಹೋಲಿಸಿ ನೋಡಿ, 2017ರಲ್ಲಿ ಫಲಿತಾಂಶ ಪ್ರಕಟಿಸಿದ್ದರು. ಸಮಯದಲ್ಲಾಗಲಿ, ತೊಂದರೆಗಳಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಯಂತ್ರ ಹಿಡಿದ ಕೈ ಯಾರದ್ದು ಎಂದು ಕೇಳುವುದು ಮೇಲು.

ಆಪರೇಷನ್ ಹಿಂದಿನ ಸಂಜೆ ಸ್ಟೋಮಾ ನರ್ಸ್ ಬಂದರು, ಕೈಯಲ್ಲೊಂದು ಮಾರ್ಕರ್ ಪೆನ್. ಸ್ಟೋಮಾ ಅಂದರೆ ಕರುಳಿನ ಒಂದು ಭಾಗವನ್ನು ಹೊಟ್ಟೆಯ ಮೇಲೆ ತೆರೆದು ಬ್ಯಾಗ್ ಅಂಟಿಸುವುದು, ಕೆಳಗಿನ ಜೋಡಣೆ ವಾಸಿಯಾಗುವವರೆಗೆ. ನನಗೆ ಬೇಕಾಗುವ ಸಾಧ್ಯತೆ ಕಡಿಮೆ ಅಂದಿದ್ದರು. ಆದರೂ ಗುರುತು ಮೊದಲೇ ಹಾಕಬೇಕು. ಅವರು ನನ್ನನ್ನು ನಿಲ್ಲಿಸಿದರು, ಕೂರಿಸಿದರು, ಮುಂದೆ ಬಗ್ಗಿಸಿದರು. ಯಾವ ಭಂಗಿಯಲ್ಲಿ ಹೊಟ್ಟೆಯ ಮಡಿಕೆ ಎಲ್ಲಿ ಬೀಳುತ್ತದೆ ಎಂದು ಬೆರಳಿನಿಂದ ಒತ್ತಿ ನೋಡಿದರು. ದಿನಾ ಹಾಕುವ ಪ್ಯಾಂಟ್ ತರಿಸಿ ಹಾಕಿಸಿ, ಸೊಂಟಪಟ್ಟಿ ಎಲ್ಲಿ ಕೂರುತ್ತದೆ ಎಂದು ನೋಡಿದರು. "ಮಡಿಕೆಯಲ್ಲಿ ಬಿದ್ದರೆ ಬ್ಯಾಗ್ ಸೋರುತ್ತೆ. ನಿಮ್ಮ ಕಣ್ಣಿಗೂ ಕಾಣಬೇಕು, ಇಲ್ಲಾಂದ್ರೆ ಬದಲಾಯಿಸೋದು ಹೇಗೆ?" ಎಂದು ಬಲಗಡೆ ಒಂದು ಕಪ್ಪು ಚುಕ್ಕೆ ಇಟ್ಟು, ಅಳಿಸಿಹೋಗದಂತೆ ಮೇಲೆ ಪಾರದರ್ಶಕ ಪ್ಲಾಸ್ಟರ್ ಹಾಕಿದರು. ಕಾಗದದಲ್ಲಿ ಒಂದು ಸಾಲಾಗಿದ್ದದ್ದು ಈಗ ನನ್ನ ಚರ್ಮದ ಮೇಲೆ ಬಂದಿತ್ತು. ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಕರುಳು ಖಾಲಿ ಮಾಡಲು ಕೊಟ್ಟ ಔಷಧಿಯೂ ನಿದ್ದೆ ಮಾಡಲು ಬಿಡುತ್ತಿರಲಿಲ್ಲ ಬಿಡಿ.

ಒಳಗೆ ಏನಾಯಿತು ಎನ್ನುವುದು ನನಗೆ ಆಮೇಲೆ ವಿಡಿಯೋ ನೋಡಿ ಗೊತ್ತಾಗಿದ್ದು. ಹೊಟ್ಟೆಯೊಳಗೆ ಕಾರ್ಬನ್ ಡೈಆಕ್ಸೈಡ್ ತುಂಬಿಸಿ, ತಲೆ ಕೆಳಗಾಗುವಂತೆ ಟೇಬಲ್ ಬಗ್ಗಿಸುತ್ತಾರೆ. ಕರುಳು ಮೇಲಕ್ಕೆ ಸರಿದು ಜಾಗ ಕಾಣುತ್ತದೆ. ಮೊದಲು ಗಂಟಿಗೆ ಕೈ ಹಾಕುವುದೇ ಇಲ್ಲ. ಎಡಗಡೆ ಯುರೇಟರನ್ನು ಮೇಲೆ ಅಂಟಿಲ್ಲದ ಜಾಗದಲ್ಲಿ ಹುಡುಕಿ, ಅಲ್ಲಿಂದ ಅದರ ಜಾಡು ಹಿಡಿದು ಕೆಳಗೆ ಬಿಡಿಸುತ್ತಾ ಬಂದರು. ಬಿಳಿಯ ನಾಳ ಆಗಾಗ ಹುಳದಂತೆ ಮುಲುಕುತ್ತದೆ, ಅದರಿಂದಲೇ ಗುರುತು. ಅದು ಬಿಡಿಸಿಕೊಂಡ ಮೇಲೆ ಅಂಡಾಶಯಗಳು. ಒಂದರಿಂದ ಒಂದನ್ನು ಬೇರ್ಪಡಿಸಿದಾಗ ಆ ಕಂದು ದ್ರವ ಸುರಿಯಿತು. ಎರಡೂ ಅಂಡಾಶಯ ಉಳಿದವು.

ಗಂಟು ಕೆರೆಯುವುದರಲ್ಲಿ ಮುಗಿಯಲಿಲ್ಲ. ಕರುಳಿನ ಸ್ನಾಯುವಿನ ಒಳಗೆ ಇಳಿದಿತ್ತು. ಹಾಗಾಗಿ ಎರಡನೇ ದಾರಿ: ಗುದದ್ವಾರದ ಮೂಲಕ ದುಂಡನೆಯ ಸ್ಟೇಪ್ಲರ್ ತೂರಿಸಿ, ಆ ಬಿಲ್ಲೆ ಕತ್ತರಿಸುವುದೂ ಮುಚ್ಚುವುದೂ ಒಟ್ಟಿಗೆ. ಆಮೇಲೆ ಕಿಬ್ಬೊಟ್ಟೆಯಲ್ಲಿ ನೀರು ತುಂಬಿಸಿ ಕರುಳಿಗೆ ಕೆಳಗಿನಿಂದ ಗಾಳಿ ಬಿಟ್ಟರು. ಸೋರಿಕೆ ಇದ್ದರೆ ಗುಳ್ಳೆ ಏಳುತ್ತವೆ. ವಿಡಿಯೋದಲ್ಲಿ ಆ ಭಾಗ ನೋಡುವಾಗ, ಫಲಿತಾಂಶ ಗೊತ್ತಿದ್ದರೂ ನಾನು ಉಸಿರು ಹಿಡಿದಿದ್ದೆ. ಒಂದೂ ಗುಳ್ಳೆ ಇಲ್ಲ. ಸ್ಟೋಮಾ ಬೇಕಾಗಲಿಲ್ಲ. ಯುರೇಟರ್ ತೆರೆದೇ ಇರಲೆಂದು ಒಳಗೆ ಒಂದು ಸ್ಟೆಂಟ್, ಅಂದರೆ ಸಣ್ಣ ಕೊಳವೆ, ಇಟ್ಟು ಮುಗಿಸಿದರು.

ಎಚ್ಚರ ಆದಾಗ ನಾನು ಮೊದಲು ಮಾಡಿದ್ದು ಬಲಗಡೆ ಹೊಟ್ಟೆ ಮುಟ್ಟಿ ನೋಡಿದ್ದು. ಬ್ಯಾಗ್ ಇಲ್ಲ. ಹೊಟ್ಟೆಗಿಂತ ಭುಜ ಜಾಸ್ತಿ ನೋಯುತ್ತಿತ್ತು. ಒಳಗೆ ಉಳಿದ ಗ್ಯಾಸ್ ವಪೆಯನ್ನು, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವನ್ನು, ಕೆರಳಿಸುತ್ತದೆ, ವಪೆಯ ನರದ ನೋವು ಭುಜದಲ್ಲಿ ಕಾಣುತ್ತದೆ. ನಡೆದಾಡಿದರೆ ಒಂದೆರಡು ದಿನದಲ್ಲಿ ಹೋಗುತ್ತದೆ. ನಡೆಸುತ್ತಾರೆ ಕೂಡ, ಬೇಡ ಅಂದರೂ ಬಿಡುವುದಿಲ್ಲ.

ಫಾರಂನ ಕೊನೆಯ ಸಾಲು ನಿಜವಾಯಿತು. ಮೂತ್ರ ಹೋಗಲು ಹಾಕಿದ್ದ ಟ್ಯೂಬ್, ಅಂದರೆ ಕ್ಯಾತಿಟರ್, ತೆಗೆದ ಮೇಲೆ ಮೂತ್ರ ಬರಲಿಲ್ಲ. ನಲ್ಲಿ ತಿರುಗಿಸಿಟ್ಟುಕೊಂಡು ಕೂತೆ, ಮುಂದೆ ಬಗ್ಗಿ ಕೂತೆ, ಏನೂ ಇಲ್ಲ. ನರ್ಸ್ ಹೊಟ್ಟೆಯ ಮೇಲೆ ಸ್ಕ್ಯಾನರ್ ಇಟ್ಟು ಒಳಗೆ ಎಷ್ಟು ಉಳಿದಿದೆ ನೋಡಿ, ಮತ್ತೆ ಕ್ಯಾತಿಟರ್ ಹಾಕಿದರು. ಗಂಟಿನ ಪಕ್ಕದ ನರಗಳು ಉಳಿದಿವೆ, ಆದರೆ ಅಲುಗಾಡಿದ್ದಕ್ಕೆ ಸುಸ್ತಾಗಿವೆ ಅಂತ ವಿವರಿಸಿದರು. ನಾನೇ ಚಿಕ್ಕ ಟ್ಯೂಬ್ ಹಾಕಿಕೊಂಡು ಮೂತ್ರ ತೆಗೆಯುವುದನ್ನು ಕಲಿಸಿ ಮನೆಗೆ ಕಳಿಸಿದರು. ಜಗ್‌ನಲ್ಲಿ ಅಳೆದು ಬರೆಯುವುದು: ತಾನಾಗಿ ಬಂದದ್ದು ಎಷ್ಟು, ಟ್ಯೂಬಿನಲ್ಲಿ ಬಂದದ್ದು ಎಷ್ಟು. ಗಂಡ ಅದಕ್ಕೊಂದು ಎಕ್ಸೆಲ್ ಶೀಟ್ ಮಾಡಿ ಗ್ರಾಫ್ ಎಳೆದ. ಎರಡನೇ ಅಂಕಿ 100 ಎಂಎಲ್‌ಗಿಂತ ಕೆಳಗೇ ನಿಲ್ಲತೊಡಗಿದ ಮೇಲೆ ಟ್ಯೂಬ್ ಬಿಡಿ ಅಂದರು. ಕೆಲವು ವಾರ ಹಿಡಿಯಿತು. ಮೊದಲೇ ಹೇಳಿರದಿದ್ದರೆ ಆಪರೇಷನ್ ಕೆಟ್ಟಿತು ಎಂದೇ ನಾನು ಅಂದುಕೊಳ್ಳುತ್ತಿದ್ದೆ.

ಮನೆಗೆ ಬಂದ ಮೇಲೆ ಹುಷಾರಾಗಿ ನೋಡಬೇಕಾದದ್ದನ್ನು ಡಿಸ್‌ಚಾರ್ಜ್ ದಿನ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟಿದ್ದರು. ಜ್ವರ, ಕಡಿಮೆಯಾಗುವ ಬದಲು ಏರುವ ಹೊಟ್ಟೆನೋವು, ಯೋನಿಯಿಂದ ನೀರಿನಂತೆ ಅಥವಾ ಮಲದ ವಾಸನೆಯ ಸ್ರಾವ, ಕಾಲಿನ ಮೀನಖಂಡದಲ್ಲಿ ಊತ, ಉಸಿರಾಟಕ್ಕೆ ಕಷ್ಟ. ಕರುಳಿನ ಹೊಲಿಗೆ ಮನೆಗೆ ಬಂದ ಮೇಲೂ ಸೋರಬಹುದು. ರಾತ್ರಿಯಾಗಿದೆ, ಬೆಳಿಗ್ಗೆ ನೋಡೋಣ ಎನ್ನುವ ಮಾತೇ ಇಲ್ಲ, ತಕ್ಷಣ ಹೊರಡಬೇಕು. ನನಗೆ ಅಂಥದ್ದೇನೂ ಆಗಲಿಲ್ಲ.

ಸ್ಟೆಂಟ್ ತೆಗೆದಿದ್ದಾರೆ, ಕಿಡ್ನಿಯ ಊತ ಇಳಿದಿದೆ. ಮೋಷನ್‌ಗೆ ಹೋಗುವಾಗಿನ ಆ ನೋವು ಹೋಗಿದೆ. ತೊಡೆಯ ನೋವು ಆಗೊಮ್ಮೆ ಈಗೊಮ್ಮೆ ಬರುತ್ತದೆ. ಇಷ್ಟು ವರ್ಷ ನೋವಿಗೆ ಬಿಗಿಹಿಡಿದ ಕಿಬ್ಬೊಟ್ಟೆಯ ತಳದ ಸ್ನಾಯುಗಳು ಸಡಿಲವಾಗುವುದನ್ನೇ ಮರೆತಿವೆ, ಅದಕ್ಕೆ ಫಿಸಿಯೋಥೆರಪಿ ನಡೆಯುತ್ತಿದೆ. ಆಪರೇಷನ್ ಅದನ್ನು ಮಾಡಿಕೊಡುವುದಿಲ್ಲ.

ಕಾಯಿಲೆ ಬೇರು ಸಮೇತ ಹೋಯಿತು ಎಂದು ಯಾರೂ ಹೇಳಿಲ್ಲ, ಹೇಳುವವರನ್ನು ನಾನು ನಂಬುವುದೂ ಇಲ್ಲ. ಮತ್ತೆ ಬರಬಹುದು. ಅದನ್ನು ತಡೆಯಲು ಡೈನೊಜೆಸ್ಟ್ ಎಂಬ ಹಾರ್ಮೋನಿನ 2 ಮಿಲಿಗ್ರಾಂ ಮಾತ್ರೆ ದಿನಾ ತೆಗೆದುಕೊಳ್ಳುತ್ತಿದ್ದೇನೆ. ತಕ್ಷಣ ಮಗು ಬೇಡ ಎನ್ನುವವರಿಗೆ ಸಿಸ್ಟ್ ತೆಗೆದ ಮೇಲೆ ದೀರ್ಘಕಾಲ ಹಾರ್ಮೋನ್ ಕೊಡುವ ಮಾತು ಮಾರ್ಗಸೂಚಿಗಳಲ್ಲಿದೆ. ಮುಟ್ಟು ನಿಂತಿದೆ, ಕೆಲವೊಮ್ಮೆ ಸುಮ್ನೆ ಕಲೆ ಕಾಣುತ್ತದೆ, ಕೆಲವು ದಿನ ಮನಸ್ಸು ಮಂಕು. ಮಾತ್ರೆ ಯಾವಾಗ ನಿಲ್ಲಿಸುವುದು, ಮಗುವಿಗೆ ತಾನಾಗಿ ನೋಡುವುದಾ, ಫ್ರೀಜ್ ಮಾಡಿದ್ದನ್ನು ಬಳಸುವುದಾ, ಎಷ್ಟು ತಿಂಗಳು ನೋಡಿ ಆಮೇಲೆ ದಾರಿ ಬದಲಿಸುವುದು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದಿಟ್ಟಿದ್ದೇನೆ. ಮುಂದಿನ ತಿಂಗಳು ಡಾಕ್ಟರ್ ಹತ್ತಿರ ಹೋಗುವುದಿದೆ. ಈ ಸಲ ಅಮ್ಮ ತಾವೇ ಒಂದು ಪ್ರಶ್ನೆ ಸೇರಿಸಿ ಕೊಟ್ಟಿದ್ದಾರೆ.